ಕಾರ್ಮಿಕ ಸಂಘದ ಪರಿಹಾರ ನಿಧಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳುತ್ತವೆ. ಕೆಲಸ ನಿಂತಾಗ, ಕಾಯಿಲೆ ಬಿದ್ದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ ಸದಸ್ಯರ ಕೈಹಿಡಿಯುವ ಪರಿಹಾರ ನಿಧಿಯೊಂದನ್ನು ಕಾರ್ಮಿಕ ಸಂಘವು ಹೇಗೆ ಕಟ್ಟಬೇಕು, ಹೇಗೆ ನಡೆಸಬೇಕು ಎಂಬುದೇ ಆ ವಿಷಯ. ಬೆಂಗಳೂರಿನ ಕಾರ್ಖಾನೆಯೊಂದರ ಸಂಘದಲ್ಲಿ ಹಲವು ವರ್ಷ ಖಜಾಂಚಿಯಾಗಿ ದುಡಿದ ಅನುಭವದಿಂದಲೂ ಕಾನೂನನ್ನು ಓದಿಕೊಂಡ ಮಟ್ಟಿಗೂ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ (ಪೀಣ್ಯದ ಓದುಗರು): ನಮ್ಮದು ಸುಮಾರು 200 ಜನ ದುಡಿಯುವ ಬಿಡಿಭಾಗಗಳ ಕಾರ್ಖಾನೆ. ಆರ್ಡರ್ ಇಲ್ಲವೆಂದು ಕಳೆದ ವರ್ಷ ಏಳು ವಾರ ಲೇ-ಆಫ್ ಮಾಡಿದರು, ಅಂದರೆ ತಾತ್ಕಾಲಿಕವಾಗಿ ಕೆಲಸ ಕೊಡದೆ ಕೂರಿಸಿದರು. ಹಲವರು ಒಡವೆ ಅಡವಿಟ್ಟರು, ಕೆಲವರು ಮೈಕ್ರೋ ಫೈನಾನ್ಸ್ ಸಾಲಕ್ಕೆ ಸಿಕ್ಕಿಕೊಂಡರು. ಸಂಘದಿಂದಲೇ ಪರಿಹಾರ ನಿಧಿ ಮಾಡೋಣವೆಂದರೆ, ಸಂಘದ ಹಣವನ್ನು ಹಾಗೆ ಹಂಚಲು ಕಾನೂನು ಬಿಡುವುದಿಲ್ಲ ಎನ್ನುವವರಿದ್ದಾರೆ. ನಿಜವೇ? ತಿಂಗಳಿಗೆ 50 ರೂಪಾಯಿ ವಂತಿಗೆ ಸಾಕಾಗುತ್ತದೆಯೇ?

ಉತ್ತರ: ಕಾನೂನು ಬಿಡುವುದಿಲ್ಲ ಎಂಬ ಮಾತು ಸರಿಯಲ್ಲ. ನೋಂದಾಯಿತ ಸಂಘದ ಸಾಮಾನ್ಯ ನಿಧಿಯನ್ನು ಮನಸ್ಸಿಗೆ ಬಂದಂತೆ ಖರ್ಚು ಮಾಡಲು ಬರುವುದಿಲ್ಲ ಎಂಬುದು ನಿಜ. ಆದರೆ 1926ರ ಕಾರ್ಮಿಕ ಸಂಘಗಳ ಕಾಯ್ದೆಯು ತನ್ನ 15ನೆಯ ಕಲಮಿನಲ್ಲಿ ಅನುಮತಿಸಿದ ಖರ್ಚುಗಳನ್ನು ಪಟ್ಟಿ ಮಾಡುವಾಗ, ಪದಾಧಿಕಾರಿಗಳ ಸಂಬಳ, ಕಚೇರಿಯ ವೆಚ್ಚ ಮತ್ತು ವ್ಯಾಜ್ಯದ ಖರ್ಚುಗಳ ಜೊತೆಯಲ್ಲೇ, ಸಾವು, ಮುಪ್ಪು, ಕಾಯಿಲೆ, ಅಪಘಾತ ಅಥವಾ ನಿರುದ್ಯೋಗದ ಕಾರಣದಿಂದ ಸದಸ್ಯರಿಗೋ ಅವರ ಅವಲಂಬಿತರಿಗೋ ಕೊಡುವ ಭತ್ಯೆಯನ್ನೂ, ಕೈಗಾರಿಕಾ ವಿವಾದದಿಂದ ಸದಸ್ಯರಿಗಾದ ನಷ್ಟಕ್ಕೆ ಕೊಡುವ ಪರಿಹಾರವನ್ನೂ, ತೀರಿಕೊಂಡ ಸದಸ್ಯರ ಅಂತ್ಯಸಂಸ್ಕಾರದ ವೆಚ್ಚವನ್ನೂ ಸ್ಪಷ್ಟವಾಗಿ ಸೇರಿಸಿತ್ತು. ಕಷ್ಟದಲ್ಲಿರುವ ಸದಸ್ಯರಿಗೆ ನೆರವಾಗುವುದು ಸಂಘದ ಮೂಲ ಕೆಲಸಗಳಲ್ಲಿ ಒಂದೆಂದು ಕಾನೂನೇ ಒಪ್ಪಿಕೊಂಡು ನೂರು ವರ್ಷವಾಗುತ್ತಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈಗ ಆ ಕಾಯ್ದೆಯ ಜಾಗದಲ್ಲಿದೆ. ನಿಧಿಯನ್ನು ಯಾವ ಉದ್ದೇಶಗಳಿಗೆ ಬಳಸಬಹುದು ಎಂಬುದನ್ನು ಈ ಸಂಹಿತೆಯು ನಿಯಮಗಳಿಗೆ ಬಿಟ್ಟಿದೆ. ಆದ್ದರಿಂದ ನಿಮ್ಮ ಸಂಘದ ಬೈಲಾವನ್ನು ತಿದ್ದುವ ಮೊದಲು ಕಾರ್ಮಿಕ ಇಲಾಖೆಯಲ್ಲಿ ಸಂಘಗಳ ರಿಜಿಸ್ಟ್ರಾರ್ ಅವರ ಕಚೇರಿಗೆ ಹೋಗಿ, ಇಂದು ಅನ್ವಯವಾಗುವ ನಿಯಮವನ್ನು ನೋಡಿಕೊಳ್ಳಿ. ಅನಂತರ ಮಹಾಸಭೆಯಲ್ಲಿ ನಿರ್ಣಯ ಮಾಡಿ, ನಿಧಿಯ ಉದ್ದೇಶವನ್ನು ಬೈಲಾದಲ್ಲಿ ಬರೆದು, ಅದಕ್ಕೆಂದೇ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ತೆರೆಯಿರಿ. ನಿತ್ಯದ ಖರ್ಚಿನ ಹಣದ ಜೊತೆ ಬೆರೆತ ಪರಿಹಾರ ನಿಧಿಯು ಒಂದೇ ವರ್ಷದಲ್ಲಿ ಬ್ಯಾನರು, ಬಾಡಿಗೆ ವಾಹನಗಳಿಗೆ ಕರಗಿಹೋಗುವುದನ್ನು ನಾನು ಕಂಡಿದ್ದೇನೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. 200 ಜನ ತಿಂಗಳಿಗೆ 50 ರೂಪಾಯಿ ಕೊಟ್ಟರೆ ವರ್ಷಕ್ಕೆ 1,20,000 ರೂಪಾಯಿ ಕೂಡುತ್ತದೆ. ವರ್ಷದಲ್ಲಿ ಎಂಟು ಮನೆಗಳಿಗೆ ತಲಾ 10,000 ರೂಪಾಯಿ ಕೊಟ್ಟರೂ 40,000 ಉಳಿಯುತ್ತದೆ. ಮೂರು ವರ್ಷ ಹೀಗೆ ನಡೆದರೆ ಒಂದು ವರ್ಷದ ವಂತಿಗೆಯಷ್ಟು ಹಣ ಕೈಯಲ್ಲಿರುತ್ತದೆ. ಆದರೆ ನೀವು ಬರೆದಂತಹ ಲೇ-ಆಫ್ ಬಂದು, 200 ಜನರಿಗೂ ತಲಾ 3,000 ರೂಪಾಯಿ ಕೊಡಬೇಕಾಯಿತು ಎನ್ನಿ. ಆಗ ಬೇಕಾಗುವುದು 6,00,000 ರೂಪಾಯಿ, ಅಂದರೆ ಐದು ವರ್ಷದ ವಂತಿಗೆ ಒಂದೇ ತಿಂಗಳಿಗೆ. ಒಬ್ಬರ ಮನೆ ಸೋರಿದರೆ ಪಕ್ಕದ ಮನೆಯವರು ಜಾಗ ಕೊಡಬಹುದು. ಒಂದೇ ಮಳೆಗೆ ಇಡೀ ಬೀದಿಯೇ ಸೋರುವಾಗ ಯಾರು ಯಾರನ್ನು ಒಳಕ್ಕೆ ಕರೆಯಬೇಕು? ಒಂದು ಕಾರ್ಖಾನೆಯ ನಿಧಿ ಒಬ್ಬೊಬ್ಬರಿಗೆ ಬೇರೆ ಬೇರೆ ಹೊತ್ತಿನಲ್ಲಿ ಬರುವ ಕಷ್ಟಕ್ಕೆ ಸಾಲುತ್ತದೆಯೇ ಹೊರತು, ಎಲ್ಲರಿಗೂ ಒಟ್ಟಿಗೆ ಬರುವ ಕಷ್ಟವನ್ನು ಹೊರಲಾರದು. ಇದನ್ನು ಮೊದಲ ದಿನವೇ ಸದಸ್ಯರಿಗೆ ಬಿಡಿಸಿ ಹೇಳದ ಸಂಘಗಳು, ಮೊದಲ ಲೇ-ಆಫ್‌ನಲ್ಲೇ ಹಣದ ಜೊತೆಗೆ ಸದಸ್ಯರ ನಂಬಿಕೆಯನ್ನೂ ಕಳೆದುಕೊಳ್ಳುತ್ತವೆ.

ಹಾಗಾದರೆ ಎಲ್ಲರಿಗೂ ಒಟ್ಟಿಗೆ ಬರುವ ಕಷ್ಟಕ್ಕೆ ದಾರಿ ಯಾವುದು? ನನ್ನ ಅಭಿಪ್ರಾಯದಲ್ಲಿ ಅದಕ್ಕೆ ನಿಮ್ಮ ವಲಯದ ಇತರ ಸಂಘಗಳ ಜೊತೆ ಸೇರಿ ಒಂದು ಕೂಡುನಿಧಿ ಮಾಡಬೇಕು, ಮತ್ತು ಸೇರುವ ಕಾರ್ಖಾನೆಗಳು ಒಂದೇ ಬಗೆಯವಾಗಿರಬಾರದು. ವಾಹನ ತಯಾರಿಕೆ ಕುಸಿದಾಗ ನಿಮ್ಮ ಬಿಡಿಭಾಗಗಳ ಕಾರ್ಖಾನೆಯೂ ಪಕ್ಕದ ಬಿಡಿಭಾಗಗಳ ಕಾರ್ಖಾನೆಯೂ ಒಟ್ಟಿಗೆ ನಿಲ್ಲುತ್ತವೆ. ಅದೇ ಹೊತ್ತಿನಲ್ಲಿ ಔಷಧಿಯದೋ ಆಹಾರ ಪದಾರ್ಥಗಳದೋ ಕಾರ್ಖಾನೆ ನಡೆಯುತ್ತಿರಬಹುದು. ಜೊತೆಗೆ, ನಿಧಿಯಿಂದ ಒಂದು ರೂಪಾಯಿ ತೆಗೆಯುವ ಮೊದಲು ಮಾಲೀಕರಿಂದ ಬರಬೇಕಾದದ್ದನ್ನು ವಸೂಲು ಮಾಡಿ. ಸರಾಸರಿ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷದ ನಿರಂತರ ಸೇವೆ ಪೂರೈಸಿದ, ಬದಲಿಯಾಗಿಯೋ ಹಂಗಾಮಿಯಾಗಿಯೋ ಇಲ್ಲದ ಕಾರ್ಮಿಕರಿಗೆ ಲೇ-ಆಫ್ ದಿನಗಳಲ್ಲಿ, ವಾರದ ರಜೆಗಳನ್ನು ಬಿಟ್ಟು, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಿಗಬೇಕೆಂದು ಕಾನೂನು ಹೇಳುತ್ತದೆ. ಆದರೆ ಕೆಲಸದ ದಿನಗಳಲ್ಲಿ ದಿನಕ್ಕೊಮ್ಮೆ ಗೊತ್ತುಪಡಿಸಿದ ಹೊತ್ತಿಗೆ ಕಾರ್ಖಾನೆಗೆ ಬಂದು ಹಾಜರಿ ಹಾಕದವರು ಈ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಲೇ-ಆಫ್ ಎಂದೊಡನೆ ಬಸ್ಸು ಹತ್ತಿ ಊರಿಗೆ ಹೋಗುವವರೇ ನಮ್ಮಲ್ಲಿ ಹೆಚ್ಚು. ಹೋಗುವ ಮೊದಲು ಈ ಮಾತನ್ನು ಅವರ ಕಿವಿಗೆ ಹಾಕುವುದೇ ಸಂಘವು ಅವರಿಗೆ ಮಾಡಬಹುದಾದ ದೊಡ್ಡ ನೆರವು.

ಇನ್ನೊಂದು ಮಾತು. 2020ರ ಲಾಕ್‌ಡೌನ್ ಕಾಲದಲ್ಲಿ ಕರ್ನಾಟಕ ಸರ್ಕಾರವು ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಯ ಒಂದು ಬಾರಿಯ ನೆರವನ್ನು ಘೋಷಿಸಿತು. ಚಾಲಕರು ಸೇವಾಸಿಂಧು ಜಾಲತಾಣದಲ್ಲಿ ಲೈಸೆನ್ಸು, ಬ್ಯಾಂಕ್ ಖಾತೆಗಳ ವಿವರ ಕೊಟ್ಟು ಅರ್ಜಿ ಹಾಕಬೇಕಾಯಿತು. ಆಗ ನಾನು ಗಮನಿಸಿದ್ದು ಇಷ್ಟು: ಸದಸ್ಯರ ಹೆಸರು, ಖಾತೆ ಸಂಖ್ಯೆ, ಮನೆಯವರ ವಿವರಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದ ಸಂಘಗಳು ಒಂದೆರಡು ದಿನಗಳಲ್ಲಿ ತಮ್ಮವರೆಲ್ಲರ ಅರ್ಜಿ ಮುಗಿಸಿದವು, ಪಟ್ಟಿ ಇಲ್ಲದವು ಮನೆಮನೆ ಹುಡುಕುತ್ತಾ ಉಳಿದವು. ನಿಮ್ಮ ನಿಧಿಯಲ್ಲಿ ಮೊದಲ ರೂಪಾಯಿ ಕೂಡುವ ಮುನ್ನವೇ ಈ ಪಟ್ಟಿ ಸಿದ್ಧವಾಗಿರಲಿ.

ಪ್ರಶ್ನೆ (ಮದ್ದೂರಿನ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆ): ನನ್ನ ಗಂಡನಿಗೆ ಶಸ್ತ್ರಚಿಕಿತ್ಸೆ ಆದಾಗ ಸಂಘದಲ್ಲಿ ನೆರವು ಕೇಳಲು ಹೋದೆ. ಸಭೆಯಲ್ಲಿ ಎಲ್ಲರ ಮುಂದೆ ಮನೆಯ ಕಷ್ಟ ಹೇಳಿ ಎಂದರು. ಹೇಳಲಾಗದೆ ವಾಪಸ್ ಬಂದು ಕೈಸಾಲ ಮಾಡಿದೆ. ನಾನು ಸಂಕೋಚಪಟ್ಟದ್ದು ತಪ್ಪೇ?

ಉತ್ತರ: ತಪ್ಪು ನಿಮ್ಮದಲ್ಲ, ತಾಯಿ. ಸಂಘಕ್ಕೆ ನೀವು ತಿಂಗಳು ತಿಂಗಳೂ ವಂತಿಗೆ ಕೊಟ್ಟಿದ್ದೀರಿ. ಕಷ್ಟ ಬಂದಾಗ ಅದರ ನೆರವು ನಿಮ್ಮ ಹಕ್ಕು. ಹಕ್ಕಿನ ಹಣವನ್ನು ಪಡೆಯಲು ನಾಲ್ಕು ಜನರ ಮುಂದೆ ನಿಂತು ಮನೆಯ ಸಂಕಟವನ್ನು ಹೇಳಿಕೊಳ್ಳಬೇಕು ಎಂದಾದರೆ ಅದು ದಾನವಾಗಿಬಿಡುತ್ತದೆ. ಹೀಗೆ ಕೇಳಿಸಿಕೊಳ್ಳುವವರಿಗೆ ಅದರಲ್ಲಿ ಕೆಡುಕೇನೂ ಕಾಣದಿರಬಹುದು. ಎಲ್ಲವೂ ಎಲ್ಲರ ಕಣ್ಣೆದುರು ನಡೆದರೆ ಮೋಸಕ್ಕೆ ಎಡೆ ಇರುವುದಿಲ್ಲ ಎಂದೇ ಅವರು ಭಾವಿಸಿರುತ್ತಾರೆ. ಆದರೆ ಮೋಸವನ್ನು ತಡೆಯಲು ಬೇರೆ ದಾರಿಗಳಿವೆ.

ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಈ ಬದಲಾವಣೆಗಳನ್ನು ಕೇಳಿ. ನೆರವಿನ ಅರ್ಜಿಗಳನ್ನು ಮೂವರ ಸಮಿತಿಯೊಂದು ನೋಡಲಿ, ಅದರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಲಿ, ಅವರು ಹೊಲಿಗೆ ಮಾಡುವವರೇ ಆಗಿರಲಿ. ಅರ್ಜಿ ಒಂದೇ ಪುಟದ್ದಾಗಿದ್ದು, ಆಸ್ಪತ್ರೆಯ ಚೀಟಿ ಅಥವಾ ಮರಣ ಪತ್ರದಂತಹ ಒಂದು ಕಾಗದಕ್ಕಿಂತ ಹೆಚ್ಚಿನ ದಾಖಲೆ ಕೇಳದಿರಲಿ. ಮೂರು ದಿನದೊಳಗೆ ಹಣ ಖಾತೆಗೆ ಬರಲಿ, ಏಕೆಂದರೆ ಆಸ್ಪತ್ರೆಯಲ್ಲಿ ಮೊದಲ ಮುಂಗಡ ಕಟ್ಟಲು ಬೇಕಾದ ಹಣವು ತಿಂಗಳ ನಂತರ ಬಂದರೆ ಅಷ್ಟರಲ್ಲಿ ಕೈಸಾಲದ ಬಡ್ಡಿ ಓಡುತ್ತಿರುತ್ತದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಸ್ವಂತ ಕಾಯಿಲೆಯ ರಜೆಯಲ್ಲಿ ವೇತನದ ಶೇ 70ರಷ್ಟು ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದಾದರೂ, ನಿಮ್ಮಂತೆ ಗಂಡನ ಆರೈಕೆಗೆ ರಜೆ ಹಾಕಿದವರಿಗೆ ಅದು ಸಿಗುವುದಿಲ್ಲ. ಸಂಘದ ನಿಧಿ ತುಂಬಬೇಕಾದದ್ದು ಇಂತಹ ಜಾಗವನ್ನೇ.

ಗಾರ್ಮೆಂಟ್ಸ್ ಕಾರ್ಮಿಕರ ಬಗ್ಗೆ ಬರೆಯುವಾಗ 2016ರ ಏಪ್ರಿಲ್ ನೆನಪಾಗುತ್ತದೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ವಿರುದ್ಧ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಸಾವಿರಾರು ಕಾರ್ಮಿಕರು, ಅದರಲ್ಲೂ ಹೆಚ್ಚಾಗಿ ಮಹಿಳೆಯರು, ಕಾರ್ಖಾನೆಗಳಿಂದ ಹೊರಬಂದು ನಿಂತರು. 19ರಂದೇ ಸರ್ಕಾರವು ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳು ಬೀದಿಗೆ ಬಂದದ್ದು ಮುಪ್ಪಿನ ಪಿಂಚಣಿಯ ಲೆಕ್ಕಾಚಾರಕ್ಕಲ್ಲ; ಮಗಳ ಮದುವೆ, ಶಾಲೆಯ ಶುಲ್ಕ, ಆಸ್ಪತ್ರೆಯ ಬಿಲ್ಲು ಬಂದಾಗ ಕೆಲಸ ಬಿಟ್ಟಾದರೂ ಆ ಹಣವನ್ನು ತೆಗೆಯಬಹುದು ಎಂಬ ಒಂದೇ ಭರವಸೆಯನ್ನು ಕಾಪಾಡಿಕೊಳ್ಳಲು ಬಂದರು. ಕೆಲಸ ಬಿಟ್ಟರೆ ಮಾತ್ರ ಕೈಗೆ ಬರುವ ಹಣವೇ ಅವರ ಪಾಲಿನ ಆಪತ್ಕಾಲದ ನಿಧಿಯಾಗಿತ್ತು ಎಂಬುದು, ನಮ್ಮ ಸಂಘಗಳು ಮಾಡದೆ ಬಿಟ್ಟ ಕೆಲಸ ಎಷ್ಟಿದೆ ಎಂಬುದನ್ನು ತೋರಿಸುತ್ತದೆ.

ಪ್ರಶ್ನೆ (ದಾವಣಗೆರೆಯ ಓದುಗರು): ನೆರವನ್ನು ಸಾಲವಾಗಿ ಕೊಟ್ಟರೆ ನಿಧಿ ಕರಗುವುದಿಲ್ಲ, ಸುಮ್ಮನೆ ಕೊಟ್ಟರೆ ಬೇಗ ಬರಿದಾಗುತ್ತದೆ ಎಂದು ನಮ್ಮ ಸಮಿತಿಯಲ್ಲಿ ಚರ್ಚೆ ನಡೆದಿದೆ. ನಿಮ್ಮ ಸಲಹೆ ಏನು?

ಉತ್ತರ: ಸಾಲವಾಗಿ ಕೊಟ್ಟ ಹಣ ಕರಗುವುದಿಲ್ಲ ಎಂಬುದು ಕಾಗದದ ಮೇಲಿನ ಮಾತು. ಸಂಕಟದಲ್ಲಿದ್ದವರು ಸಾಲ ತೀರಿಸಲಾರದೆ ಹೋದಾಗ, ವಸೂಲಿಗೆ ಹೋಗಬೇಕಾದವರು ಅವರ ಪಕ್ಕದ ಯಂತ್ರದಲ್ಲಿ ದುಡಿಯುವ ಜೊತೆಗಾರರೇ ಆಗಿರುತ್ತಾರೆ. ಬಾಕಿ ಉಳಿಸಿಕೊಂಡವರು ನಾಚಿಕೆಯಿಂದ ಸಭೆಗೆ ಬರುವುದನ್ನು ಬಿಡುತ್ತಾರೆ, ವಸೂಲಿಗೆ ಹೋದವರು ಮುಖ ತಪ್ಪಿಸುತ್ತಾರೆ, ಸಂಘ ಒಳಗಿಂದಲೇ ಸಡಿಲವಾಗುತ್ತದೆ. ಆದ್ದರಿಂದ ಸಾವು, ದೊಡ್ಡ ಕಾಯಿಲೆ, ಅಪಘಾತ, ಬೆಂಕಿ, ನೆರೆಗಳಿಗೆ ಕೊಡುವ ಹಣ ಮೊತ್ತದಲ್ಲಿ ಚಿಕ್ಕದಾದರೂ ಹಿಂತಿರುಗಿಸಬೇಕಿಲ್ಲದ ನೆರವಾಗಿಯೇ ಇರಲಿ.

ಸಾಲದ ಅಗತ್ಯ ಬೇರೆಯೇ ಇದೆ, ಅದಕ್ಕೆ ಬೇರೆಯೇ ಸಂಸ್ಥೆ ಬೇಕು. ನಮ್ಮ ನಾಡಿಗೆ ಇದು ಹೊಸತೇನಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಹುಟ್ಟಿತು. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ‘ಸೇವಾ’ ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯ ಬೀದಿ ವ್ಯಾಪಾರದ, ಮನೆಗೆಲಸದ, ಬೀಡಿ ಕಟ್ಟುವ ಹೆಣ್ಣುಮಕ್ಕಳು 1974ರಲ್ಲಿ ತಲಾ 10 ರೂಪಾಯಿಯ ಷೇರು ಹಾಕಿ, 4,000 ಜನ ಸೇರಿ ತಮ್ಮದೇ ಸಹಕಾರಿ ಬ್ಯಾಂಕ್ ತೆರೆದರು. ಅವರು ಸಂಘದ ಚಳವಳಿಯನ್ನೂ ಬ್ಯಾಂಕಿನ ಲೆಕ್ಕವನ್ನೂ ಬೆರೆಸಲಿಲ್ಲ ಎಂಬುದನ್ನು ನಿಮ್ಮ ಸಮಿತಿ ಗಮನಿಸಬೇಕು. ನಿಮ್ಮ ಸದಸ್ಯರಲ್ಲಿ ಈಗಾಗಲೇ ಮೈಕ್ರೋ ಫೈನಾನ್ಸಿನವರ ಕಾಟಕ್ಕೆ ಸಿಕ್ಕವರಿದ್ದರೆ, ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ತಂದ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು ಎಂದು ತಿಳಿಸಿ, ಅವರ ಜೊತೆ ಸಂಘದ ಒಬ್ಬರು ಠಾಣೆಗೆ ಹೋಗಿ ಬನ್ನಿ. ಒಂಟಿಯಾಗಿ ಹೋದವರು ಹೆಚ್ಚಾಗಿ ಮಾತು ಮುಗಿಸದೆ ಹಿಂತಿರುಗುತ್ತಾರೆ.

ಪ್ರಶ್ನೆ (ಹುಬ್ಬಳ್ಳಿಯ ಓದುಗರು): ಪರಿಹಾರ ನಿಧಿಯನ್ನು ಮುಷ್ಕರದ ದಿನಗಳಲ್ಲಿ ಬಳಸಬಹುದೇ? ಗಾಂಧೀಜಿಯವರು ಮುಷ್ಕರನಿರತರಿಗೆ ಹಣದ ನೆರವು ಕೊಡಬಾರದು ಎಂದಿದ್ದರಂತೆ.

ಉತ್ತರ: ಗಾಂಧೀಜಿಯವರ ಮಾತಿನ ಸಂದರ್ಭವನ್ನು ಮೊದಲು ನೋಡೋಣ. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು, ಪ್ಲೇಗ್ ಕಾಲದಲ್ಲಿ ಕೊಡುತ್ತಿದ್ದ ಬೋನಸ್ ನಿಂತ ಮೇಲೆ ಶೇ 35ರಷ್ಟು ವೇತನ ಹೆಚ್ಚಳ ಕೇಳಿ ಕೆಲಸ ಬಿಟ್ಟರು. ಗಿರಣಿ ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರವಾಗಿ ನಿಂತವರಲ್ಲಿ ಅವರ ಸಹೋದರಿ ಅನಸೂಯಾ ಸಾರಾಭಾಯಿ ಅವರೂ ಇದ್ದರು. ಹಿಂಸೆಗೆ ಇಳಿಯಬಾರದು, ಕೆಲಸಕ್ಕೆ ಹೋಗುವವರನ್ನು ಪೀಡಿಸಬಾರದು, ಭಿಕ್ಷೆಯನ್ನು ನಂಬಬಾರದು, ಮುಷ್ಕರ ಎಷ್ಟು ದಿನ ನಡೆದರೂ ಅಲುಗದೆ ಬೇರೆ ಪ್ರಾಮಾಣಿಕ ದುಡಿಮೆಯಿಂದ ಹೊಟ್ಟೆ ಹೊರೆದುಕೊಳ್ಳಬೇಕು ಎಂಬ ನಾಲ್ಕು ಷರತ್ತುಗಳನ್ನು ಗಾಂಧೀಜಿ ಹಾಕಿದ್ದರು. ಹಸಿವು ಕಾಡತೊಡಗಿದಾಗ, ಆಶ್ರಮದಲ್ಲಿ ಕಟ್ಟುತ್ತಿದ್ದ ನೇಯ್ಗೆ ಶಾಲೆಯ ಅಡಿಪಾಯಕ್ಕೆ ಮರಳು ತುಂಬುವ ಕೆಲಸವನ್ನು ಮಗನ್‌ಲಾಲ್ ಗಾಂಧಿ ಸೂಚಿಸಿದರು. ಕಾರ್ಮಿಕರು ಸಾಲುಗಟ್ಟಿ ತಲೆಯ ಮೇಲೆ ಬುಟ್ಟಿ ಹೊತ್ತು ಆ ಕೆಲಸ ಮಾಡಿದರು. ಗಾಂಧೀಜಿ ಬೇಡವೆಂದದ್ದು ಭಿಕ್ಷೆಯನ್ನು. ಸದಸ್ಯರು ದುಡಿಯುವ ದಿನಗಳಲ್ಲಿ ತಾವೇ ಕೂಡಿಟ್ಟು, ದುಡಿಮೆ ಇಲ್ಲದ ದಿನಗಳಲ್ಲಿ ತಾವೇ ಪಡೆಯುವ ಹಣ ಭಿಕ್ಷೆಯಲ್ಲ. ಅಂತಹ ನಿಧಿಯ ವಿರುದ್ಧ ಅವರ ಮಾತನ್ನು ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಆದರೂ ಮುಷ್ಕರಕ್ಕೆ ಪ್ರತ್ಯೇಕ ನಿಧಿ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಮುಂತಾದ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ನಡೆಸಿದರು. ಒಂದು ಲಕ್ಷಕ್ಕೂ ಹೆಚ್ಚು ಸಂಬಳಗಳು ಒಟ್ಟಿಗೆ ನಿಂತ ಆ ದಿನಗಳಲ್ಲಿ ನಮ್ಮ ಬಡಾವಣೆಯ ಮನೆಗಳು ಉಳಿದದ್ದು ದಿನಸಿ ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಂಡು ಕೊಟ್ಟ ಅಕ್ಕಿ ಬೇಳೆಯಿಂದ, ಊರಿನಿಂದ ಬಂದ ರಾಗಿಯಿಂದ. ಅಷ್ಟು ದೊಡ್ಡ ಹೊರೆಯನ್ನು ಹೊರಲು ಹೋದರೆ ಯಾವ ಸಂಘದ ಪರಿಹಾರ ನಿಧಿಯೂ ಒಂದು ವಾರ ಬಾಳುವುದಿಲ್ಲ. ಮುಷ್ಕರ ಮುಗಿದ ಮರುದಿನ ಸದಸ್ಯರೊಬ್ಬರ ಮನೆಯಲ್ಲಿ ಸಾವಾದರೆ ಅವರಿಗೆ ಕೊಡಲು ಆಗ ಏನೂ ಉಳಿದಿರುವುದಿಲ್ಲ.

ಕಾನೂನಿನ ಎಚ್ಚರಿಕೆಯೂ ಒಂದಿದೆ. ಕಾನೂನುಬಾಹಿರ ಮುಷ್ಕರಕ್ಕೆ ನೇರ ಬೆಂಬಲವಾಗಿ ತಿಳಿದೂ ತಿಳಿದೂ ಹಣ ಖರ್ಚು ಮಾಡುವುದನ್ನು ಹಿಂದಿನ ಕಾನೂನು ನಿಷೇಧಿಸಿತ್ತು, ಹೊಸ ಸಂಹಿತೆಯೂ ನಿಷೇಧಿಸುತ್ತದೆ. ಮೊದಲು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇದ್ದ ನೋಟಿಸಿನ ಕಟ್ಟುಪಾಡು ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿದೆ. ನೋಟಿಸು ಕೊಟ್ಟು 14 ದಿನ ಕಳೆಯುವ ಮೊದಲು ಮುಷ್ಕರ ಹೂಡಿದರೆ ಅದು ಕಾನೂನುಬಾಹಿರವೆನಿಸುತ್ತದೆ. ಆದ್ದರಿಂದ ಮುಷ್ಕರ ನಿಧಿಯಿಂದ ಹಣ ತೆಗೆಯುವ ಮೊದಲು ನೋಟಿಸಿನ ಪ್ರತಿ, ಅದನ್ನು ತಲುಪಿಸಿದ ಸ್ವೀಕೃತಿ, ರಾಜಿ ಸಂಧಾನದ ಹಂತ ಇವೆಲ್ಲವನ್ನೂ ವಕೀಲರಿಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯಿರಿ.

ಪ್ರಶ್ನೆ (ಭದ್ರಾವತಿಯ ಓದುಗರು): ಲೆಕ್ಕ ಕೇಳಿದರೆ ನಮ್ಮ ಖಜಾಂಚಿಯವರು ಸಿಟ್ಟಾಗುತ್ತಾರೆ. ಏನು ಮಾಡಬೇಕು?

ಉತ್ತರ: ಸಂಘದ ಲೆಕ್ಕದ ಪುಸ್ತಕಗಳನ್ನು ನೋಡುವುದು ಸದಸ್ಯರಿಗೆ 1926ರಿಂದಲೇ ಇರುವ ಹಕ್ಕು, ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಇಬ್ಬರ ಸಹಿ ಇಲ್ಲದೆ ಖಾತೆಯಿಂದ ಹಣ ತೆಗೆಯಲು ಬಾರದಂತೆ ಮಾಡಿ. ನೆರವು ಪಡೆದವರ ಹೆಸರುಗಳ ಬದಲು ಕ್ರಮಸಂಖ್ಯೆಗಳು ಮಾತ್ರ ನಿತ್ಯದ ಪುಸ್ತಕದಲ್ಲಿರಲಿ. ಹೆಸರುಗಳ ಪಟ್ಟಿಯನ್ನು ನೆರವು ಸಮಿತಿಯೂ ಲೆಕ್ಕಪರಿಶೋಧಕರೂ ಮಾತ್ರ ನೋಡಲಿ. ಹಾಗೆ ಮಾಡಿದರೆ ಮೇಲೆ ಬರೆದ ಮದ್ದೂರಿನ ಸಹೋದರಿಯ ಮಾನವೂ ಉಳಿಯುತ್ತದೆ, ಹಣಕ್ಕೆ ಲೆಕ್ಕವೂ ಸಿಗುತ್ತದೆ.

ಪ್ರಶ್ನೆ (ಹರಿಹರದ ಓದುಗರು): ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವರೊಬ್ಬರು ನಾಲ್ಕು ತಿಂಗಳಿನಿಂದ ವಂತಿಗೆ ಕಟ್ಟಿಲ್ಲ. ಈಗ ಅವರ ಹೆಂಡತಿಗೆ ಕಾಯಿಲೆ. ಬಾಕಿ ಇರುವವರಿಗೆ ನೆರವಿಲ್ಲ ಎಂದು ಬೈಲಾ ಹೇಳುತ್ತದೆ. ನಿಯಮ ಮುರಿಯಬಹುದೇ?

ಉತ್ತರ: ನಿಯಮವನ್ನು ಮುರಿಯಬೇಡಿ, ತಿದ್ದಿ. ಕೆಲಸ ಹೋದ ದಿನದಿಂದ ಒಂದು ವರ್ಷದವರೆಗೆ ವಂತಿಗೆಯಿಂದ ವಿನಾಯಿತಿ ಇದ್ದು, ಆ ಅವಧಿಯಲ್ಲಿ ಸದಸ್ಯತ್ವದ ಎಲ್ಲ ಹಕ್ಕುಗಳೂ ಉಳಿಯುತ್ತವೆ ಎಂಬ ಒಂದು ಸಾಲನ್ನು ವಿಶೇಷ ಮಹಾಸಭೆ ಕರೆದು ಸೇರಿಸಿಕೊಳ್ಳಿ. ತಿದ್ದುಪಡಿ ಅಂಗೀಕಾರವಾಗುವವರೆಗೆ ಕಾಯಿಲೆ ಕಾಯುವುದಿಲ್ಲ. ಅಲ್ಲಿಯವರೆಗೆ ಸದಸ್ಯರು ಸ್ವಂತವಾಗಿ ಹಣ ಕೂಡಿಸಿ ಅವರ ಬಾಕಿ ವಂತಿಗೆಯನ್ನು ಕಟ್ಟಿಬಿಡಿ. ನಾಲ್ಕು ತಿಂಗಳ ಬಾಕಿ ಎಂದರೆ ಎಷ್ಟು ಮಹಾ ಮೊತ್ತ?

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಖಜಾಂಚಿಯಾದ ಎರಡನೆಯ ವರ್ಷ, ಕೆಲಸದಿಂದ ತೆಗೆಯಲ್ಪಟ್ಟ ಫಿಟ್ಟರ್ ಒಬ್ಬರು ಮಗುವಿನ ಆಸ್ಪತ್ರೆ ಖರ್ಚಿಗೆಂದು ಅರ್ಜಿ ಹಿಡಿದು ಬಂದಾಗ, ಮೂರು ತಿಂಗಳ ಬಾಕಿಯನ್ನು ಪುಸ್ತಕದಲ್ಲಿ ತೋರಿಸಿ ಅವರನ್ನು ಹಿಂದಕ್ಕೆ ಕಳಿಸಿದವನು ನಾನೇ. ಅವರು ವಾದಿಸಲಿಲ್ಲ. ಹದಿನೆಂಟು ವರ್ಷ ವಂತಿಗೆ ಕಟ್ಟಿದ ರಸೀದಿಗಳ ಕಟ್ಟನ್ನು ಚೀಲದಿಂದ ಹೊರಗೆ ತೆಗೆದವರು, ನನ್ನ ಮುಖ ನೋಡಿ ಮತ್ತೆ ಒಳಗಿಟ್ಟುಕೊಂಡು ಹೋದರು. ಮುಂದಿನ ಮಹಾಸಭೆಯಲ್ಲಿ ಮೇಲೆ ಹೇಳಿದ ಸಾಲನ್ನು ನಾನೇ ಮಂಡಿಸಿದೆ, ಅದು ಒಮ್ಮತದಿಂದ ಅಂಗೀಕಾರವಾಯಿತು; ಆ ಹೊತ್ತಿಗೆ ಅವರು ಬಾಡಿಗೆ ಮನೆ ಖಾಲಿ ಮಾಡಿ ಊರು ಬಿಟ್ಟಿದ್ದರು.